ಕ್ಯಾಪ್ಟನ್ ಬಿದ್ದರೆ ರೆಫರಿ ಮಲಗಬೇಕು

ತೊಂದರೆ ಶುರುವಾದದ್ದು ಒಂದು ಹಲ್ಲಿನಿಂದ. ಎಪರಾಮನ ಹಲ್ಲಲ್ಲ, ತಿಮಿಂಗಿಲದ್ದು. ಗೇಣುದ್ದದ, ಎಣ್ಣೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿದ, ಎರಡು ತುದಿಗೂ ತೆಂಗಿನ ನಾರಿನ ಹುರಿ ಕಟ್ಟಿದ ಆ ಹಲ್ಲನ್ನು ಅವನಪ್ಪ ಸಾಯುವ ಮುಂಚೆ ಮಗನ ಕೈಗಿಟ್ಟು, ಇದನ್ನು ಕೊಟ್ಟು ಒಳ್ಳೆಯ ಹೆಣ್ಣು ಕೇಳು ಎಂದಿದ್ದ. ನಮ್ಮ ಫಿಜಿಯಲ್ಲಿ ಯಾವ ದೊಡ್ಡ ಮಾತೂ ಹಲ್ಲಿಲ್ಲದೆ ನಡೆಯುವುದಿಲ್ಲ. ಹೆಣ್ಣು ಕೇಳಲಿಕ್ಕೆ ಹಲ್ಲು, ತಪ್ಪೊಪ್ಪಿಕೊಳ್ಳಲಿಕ್ಕೆ ಹಲ್ಲು, ಸಾವಿನ ಮನೆಗೆ ಹಲ್ಲು. ಎದುರಿನವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡನೋ, ಕೇಳಿದ್ದನ್ನು ಕೊಟ್ಟ ಹಾಗೆಯೇ. ಆಮೇಲೆ ಸುವಾದಿಂದ ಮಂತ್ರಿಯೇ ಬಂದು ನಿಂತರೂ ಅದು ಬದಲಾಗುವುದಿಲ್ಲ.

ಎಪರಾಮನಿಗೆ ವಯಸ್ಸು ಮೂವತ್ತೊಂಬತ್ತು. ನುಕುಸಾ ಊರಿನ ಸಹಕಾರಿ ಅಂಗಡಿ ನೋಡಿಕೊಳ್ಳುವವನು. ಸಕ್ಕರೆ ತೂಗುವಾಗ ನಾಲ್ಕು ಹರಳು ಹೆಚ್ಚಾದರೆ ಚಿಟಿಕೆಯಲ್ಲಿ ತೆಗೆಯುತ್ತಿದ್ದ, ನಾಲ್ಕು ಹರಳು ಕಡಿಮೆಯಾದರೆ ಚಿಟಿಕೆಯಲ್ಲಿ ಹಾಕುತ್ತಿದ್ದ. ನಮ್ಮ ಸುತ್ತಿನ ಮೂರು ದ್ವೀಪಗಳಲ್ಲಿ ರಗ್ಬಿ ರೆಫರಿಯ ಪರೀಕ್ಷೆ ಪಾಸಾದವನು ಅವನೊಬ್ಬನೇ. ಕಾನೂನಿನ ಪುಸ್ತಕವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಎಡಗಾಲಿನ ಕಾಲುಚೀಲದೊಳಗೆ ಸಿಕ್ಕಿಸಿಕೊಂಡೇ ಮೈದಾನಕ್ಕಿಳಿಯುತ್ತಿದ್ದ. ಅವನ ಪ್ರಾಮಾಣಿಕತೆಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅದರಿಂದ ಯಾರಿಗೂ ಉಪಯೋಗವೂ ಇರಲಿಲ್ಲ.

ಹೊಳೆಯ ಆಚೆ ದಡದ ಊರು ವುನಿದೋಲಾ. ಅಲ್ಲಿನ ಔಷಧಾಲಯದ ನರ್ಸ್ ವಸೆಮಾದಳನ್ನು ಎಪರಾಮ ನಾಲ್ಕು ವರ್ಷದಿಂದ ಮೆಚ್ಚಿದ್ದ. ಅವಳೂ ಮೆಚ್ಚಿದ್ದಳು. ಆದರೆ ಅವಳು ಓಡಿಬರುವ ಪೈಕಿಯಲ್ಲ. ನಮ್ಮಪ್ಪನನ್ನು ಕ್ರಮವಾಗಿ ಕೇಳು, ಕೊಡುತ್ತಾನೆ ಎಂದು ನಾಲ್ಕು ವರ್ಷವೂ ಹೇಳುತ್ತಲೇ ಬಂದಿದ್ದಳು. ಅವಳಪ್ಪ ನಾಪೊಲಿಯೊನಿಯನ್ನು ನೆನೆದರೇ ಎಪರಾಮನಿಗೆ ಬಾಯಿ ಒಣಗುತ್ತಿತ್ತು. ಐವತ್ತೇಳು ವರ್ಷ, ನೂರ ಹದಿನೆಂಟು ಕಿಲೋ, ಇವತ್ತಿಗೂ ವುನಿದೋಲಾ ರಗ್ಬಿ ತಂಡದ ಕ್ಯಾಪ್ಟನ್. ಇನ್ನು ಸಾಕು ಮಾಡಿ ಎಂದು ಅವನಿಗೆ ಹೇಳುವವರು ಆ ಊರಲ್ಲಿ ಹುಟ್ಟಿರಲಿಲ್ಲ.

ಈಗ ಮುಂದಕ್ಕೆ ಹಾಕುವ ಹಾಗಿರಲಿಲ್ಲ. ಸರಕು ದೋಣಿಯ ಯಜಮಾನನೊಬ್ಬ ತನ್ನ ತಮ್ಮನಿಗೆ ವಸೆಮಾದಳನ್ನು ಕೇಳಲು ಸೋಮವಾರ ಬರುತ್ತಾನೆ, ಎರಡು ಹಲ್ಲು ತರುತ್ತಾನೆ ಎಂಬ ಸುದ್ದಿ ಬಂದಿತ್ತು. ಇವತ್ತು ಶನಿವಾರ. ನಾಳೆ ಭಾನುವಾರ, ಚರ್ಚಿನ ದಿನ. ಅವತ್ತು ನಮ್ಮಲ್ಲಿ ತೆಂಗಿನಕಾಯಿ ಕೂಡ ಕೀಳುವುದಿಲ್ಲ. ಕೇಳುವುದಾದರೆ ಇವತ್ತೇ ಕೇಳಬೇಕು. ಇವತ್ತೇ ನುಕುಸಾಕ್ಕೂ ವುನಿದೋಲಾಕ್ಕೂ ವರ್ಷಕ್ಕೊಂದು ಸಲದ ರಗ್ಬಿ ಪಂದ್ಯ.

ಗಂಡು ತಾನೇ ಹೋಗಿ ಹೆಣ್ಣು ಕೇಳುವ ಪದ್ಧತಿ ಇಲ್ಲ. ಎಪರಾಮನ ದೊಡ್ಡಪ್ಪ ಅಮಿನಿಯಾಸಿ ಇಡೀ ಮನೆತನದ ಪರವಾಗಿ ಮಾತಾಡುವವನು. ಸಾವಿರ ಜನರ ಮುಂದೆ ನಿಂತು ತಿಮಿಂಗಿಲದ ಹಲ್ಲು ಎತ್ತಿ ಮಾತಾಡಿದರೆ ಅತ್ತೆಯರು ಅಳುತ್ತಿದ್ದರು. ನುಕುಸಾ ತಂಡಕ್ಕೆ ಆಟ ಹೇಳಿಕೊಡುವವನೂ ಅವನೇ. ಆರು ವರ್ಷದಿಂದ ಆ ತಂಡ ವುನಿದೋಲಾದ ಎದುರು ಸೋಲುತ್ತಲೇ ಬಂದಿತ್ತು. ಬೆಳಿಗ್ಗೆ ಏಳಕ್ಕೆ ದೊಡ್ಡಪ್ಪ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಒಳ್ಳೆಯ ಸುಲು ಸೊಂಟಕ್ಕೆ ಸುತ್ತಿ, ಹಲ್ಲನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊಳೆ ದಾಟಿದ. ಎಪರಾಮ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತ ಉಳಿದ. ಮನಸ್ಸು ಆಚೆ ದಡದಲ್ಲಿದ್ದುದರಿಂದ ಗೆರೆಗಳು ಒಂದೊಂದು ಕಡೆ ಮಳೆಹುಳುವಿನ ಹಾಗೆ ಹೋದವು.

ಒಂಬತ್ತರ ಹೊತ್ತಿಗೆ ದೊಡ್ಡಪ್ಪ ವಾಪಸು ಬಂದ. ಕೈ ಖಾಲಿ.

"ತಗೊಂಡ," ಎಂದ. "ಎರಡೂ ಕೈಲಿ ತಗೊಂಡ, ಮೂರು ಸಲ ಚಪ್ಪಾಳೆ ತಟ್ಟಿದ. ಇನ್ನು ಅವನು ಹಿಂದೆ ಸರಿಯೋ ಹಾಗಿಲ್ಲ."

ಅಷ್ಟು ಹೇಳಿದವನು ಎಪರಾಮನ ಮುಖ ಕೂಡ ನೋಡದೆ, ಹುಡುಗರ ಕಾಲಿಗೆ ಪಟ್ಟಿ ಕಟ್ಟಬೇಕು ಎಂದು ಹೊರಟೇಹೋದ. ಪಾಪ, ತಮ್ಮನ ನೆನಪಾಗಿ ದೊಡ್ಡಪ್ಪನಿಗೆ ದುಃಖ ಒತ್ತಿ ಬಂದಿರಬೇಕು ಎಂದು ಎಪರಾಮ ಅಂದುಕೊಂಡ. ಅವನಿಗೇ ಕಣ್ಣು ತುಂಬಿತು. ಉಳಿದ ಸುಣ್ಣವನ್ನೆಲ್ಲ ಒಂದೇ ಗೆರೆಗೆ ಸುರಿದ.

ಆ ಸಂತೋಷ ಅರ್ಧ ಗಂಟೆ ಇತ್ತು. ಆಮೇಲೆ ಅವನ ತಲೆಗೆ ಒಂದು ವಿಷಯ ಹೊಳೆಯಿತು. ಹಲ್ಲು ಸ್ವೀಕಾರವಾದ ಗಳಿಗೆಯಿಂದ ನಾಪೊಲಿಯೊನಿ ಅವನಿಗೆ ಮಾವ. ನಮ್ಮ ಕಡೆ ಅಳಿಯನಾದವನು ಮಾವನ ಜೊತೆ ನೇರವಾಗಿ ಮಾತಾಡಬಾರದು. ಮಾವ ಕೂತಿದ್ದರೆ ಎದುರಿಗೆ ನಿಲ್ಲಬಾರದು. ಮಾವನ ತಲೆಗಿಂತ ತನ್ನ ತಲೆ, ತನ್ನ ಕೈ ಮೇಲಿರಬಾರದು. ಅವನಿಗೆ ಬೆರಳು ತೋರಿಸುವುದಂತೂ ಮಾತೇ ಇಲ್ಲ. ಕಾಲುಚೀಲದ ಪುಸ್ತಕದಲ್ಲೋ, ರೆಫರಿ ತಂಡದ ಜೊತೆ ಮಾತಾಡುವುದಿದ್ದರೆ ಕ್ಯಾಪ್ಟನ್ನಿನ ಜೊತೆಯೇ ಮಾತಾಡಬೇಕು ಎಂದಿತ್ತು. ಎಪರಾಮ ಎರಡು ಸಲ ಓದಿದ. ಕ್ಯಾಪ್ಟನ್ ಮಾವನಾಗಿದ್ದರೆ ಏನು ಮಾಡಬೇಕೆಂದು ಬರೆಯುವುದು ಪುಸ್ತಕ ಬರೆದವರಿಗೆ ಮರೆತುಹೋಗಿತ್ತು.

ಬೇರೆ ರೆಫರಿ ಇಲ್ಲ. ಪಂದ್ಯ ಮುಗಿಯುವವರೆಗೆ ವಿಷಯ ಹೊರಗೆ ಹಾಕುವ ಹಾಗೂ ಇಲ್ಲ; ರೆಫರಿ ಎದುರು ತಂಡದ ಕ್ಯಾಪ್ಟನ್ನಿನ ಅಳಿಯ ಎಂದು ಗೊತ್ತಾದರೆ ನುಕುಸಾದವರು ಅವನನ್ನು ಸೀಟಿಯ ಸಮೇತ ಹೊಳೆಗೆ ಎಸೆಯುತ್ತಿದ್ದರು. ಕೊನೆಗೆ ಸೋದರತ್ತೆಯ ಮಗ ವಿಲಿಕೆಸಾನ ಹತ್ತಿರ ಹೋಗಿ ಗುಟ್ಟು ಬಿಚ್ಚಿದ. ವಿಲಿಕೆಸಾ ಅವತ್ತು ಅಂಚಿನ ಗೆರೆಯಲ್ಲಿ ಬಾವುಟ ಹಿಡಿಯುವವನು. ಭಾವ-ಮೈದುನರು ಒಬ್ಬರನ್ನೊಬ್ಬರು ಎಷ್ಟು ಗೇಲಿ ಮಾಡಿದರೂ ತಪ್ಪಿಲ್ಲ ಎಂಬುದು ನಮ್ಮಲ್ಲಿ ರೂಢಿ. ಅವನು ಬಿದ್ದು ಬಿದ್ದು ನಕ್ಕ.

"ಸರಿ ಭಾವ," ಎಂದ. "ಇವತ್ತು ನಿನ್ನ ಬಾಯಿ ನಾನು. ನೀನು ನನಗೆ ಹೇಳು, ನಾನು ಮಾವನಿಗೆ ಮುಟ್ಟಿಸ್ತೀನಿ. ಮದುವೇಲಿ ಹಂದಿ ತಲೆ ಮಾತ್ರ ನನಗೇ."

ಎರಡು ಗಂಟೆಗೆ ಎರಡೂ ಊರು ಮೈದಾನದ ಸುತ್ತ ಬಂದು ಕೂತವು. ನುಕುಸಾದ ಕಡೆ, ಮುಂದಿನ ಚಾಪೆಯ ಮೇಲೆ, ಎಪರಾಮನ ಪಕ್ಕದ ಮನೆಯ ಮೆರೆಓನಿ ಬೇಯಿಸಿದ ಮರಗೆಣಸಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವಳ ಮೈದುನ ಸುವಾದ ಕ್ರೀಡಾಂಗಣದಲ್ಲಿ ಟಿಕೆಟ್ ಹರಿಯುವವನಾದ್ದರಿಂದ ರಗ್ಬಿ ಕಾನೂನಿನಲ್ಲಿ ಅವಳದೇ ಕೊನೆಯ ಮಾತು. ಅವಳ ಪಕ್ಕದಲ್ಲಿ ಅವಳ ಅತ್ತೆ, ಎಂಬತ್ತು ದಾಟಿದ ಲಿತಿಯಾ ಅಜ್ಜಿ.

ಮೊದಲು ನಾಣ್ಯ ಚಿಮ್ಮಬೇಕು. ಎಪರಾಮ ಹಳೆಯ ಇಪ್ಪತ್ತು ಸೆಂಟಿನ ನಾಣ್ಯ ತೆಗೆದ. ಅದರ ಒಂದು ಕಡೆ ರಾಣಿ, ಇನ್ನೊಂದು ಕಡೆ ಇದೇ ತಿಮಿಂಗಿಲದ ಹಲ್ಲು. ನಾಪೊಲಿಯೊನಿ ಬಂದು ನಿಂತದ್ದೇ ಎಪರಾಮ ತಲೆ ತಗ್ಗಿಸಿ ಸಮುದ್ರದ ಕಡೆ ತಿರುಗಿ, ವಿಲಿಕೆಸಾನ ಕಿವಿಯಲ್ಲಿ ಪಿಸುಗುಟ್ಟಿದ.

"ರೆಫರಿ ಕೇಳ್ತಾರೆ," ಎಂದ ವಿಲಿಕೆಸಾ, ಬಾವುಟ ನೆಲಕ್ಕೆ ಊರಿ. "ದೊಡ್ಡವರು ಹಲ್ಲು ಬಯಸ್ತೀರೋ, ರಾಣಿ ಬಯಸ್ತೀರೋ?"

ನಾಪೊಲಿಯೊನಿ ರೆಫರಿಯನ್ನೂ ನೋಡಿದ, ಬಾವುಟದವನನ್ನೂ ನೋಡಿದ. "ಹಲ್ಲೇ ಇರಲಿ," ಎಂದ. "ಬೆಳಿಗ್ಗೆಯಿಂದ ಹಲ್ಲು ನನ್ನ ಕಡೆಗೇ ಇದೆ."

ಮಾವನೇ ಬಾಯಿ ಬಿಟ್ಟು ಸೂಚನೆ ಕೊಟ್ಟನಲ್ಲ. ಎಪರಾಮ ನಾಣ್ಯ ಚಿಮ್ಮಿದ, ಅದು ಮರಗೆಣಸಿನ ಬುಟ್ಟಿಗೆ ಹೋಗಿ ಬಿತ್ತು. ಹಲ್ಲೇ ಬಿದ್ದಿದೆ ಎಂದು ಮೆರೆಓನಿ ಕೂಗಿ ಹೇಳಿದಳು.

ರೆಫರಿ ಯಾಕೆ ಬಾವುಟದವನ ಕೈಲಿ ಮಾತಾಡಿಸುತ್ತಾನೆ ಎಂದು ಚಾಪೆಯ ಮೇಲೆ ಚರ್ಚೆ ಎದ್ದಿತು. ಮೆರೆಓನಿ ಗೆಣಸು ನುಂಗಿ ತೀರ್ಪು ಕೊಟ್ಟಳು: ಹೊಸ ಕಾನೂನು. ರೆಫರಿಗಳು ಕ್ಯಾಪ್ಟನ್ನುಗಳ ಜೊತೆ ಜಗಳಾಡಿ ಜಗಳಾಡಿ ಸಾಕಾಗಿ, ಇನ್ನು ಮೇಲೆ ಮಧ್ಯಸ್ಥನ ಮೂಲಕವೇ ಮಾತಾಡಬೇಕು ಎಂದು ಸುವಾದಲ್ಲಿ ಠರಾವಾಗಿದೆ. ಪ್ರತಿ ವರ್ಷ ಒಂದಲ್ಲ ಒಂದು ಹೊಸ ಕಾನೂನು ಬಂದೇ ಬರುತ್ತಿತ್ತು, ಯಾವುದೂ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಒಪ್ಪಿದರು. ಸುದ್ದಿ ಮೈದಾನ ಸುತ್ತಿ ನಾಪೊಲಿಯೊನಿಯ ಕಿವಿಗೂ ಬಿತ್ತು. ಅವನೂ ತಲೆಯಾಡಿಸಿದ.

ಆಟ ಶುರುವಾಗಿ ಐದು ನಿಮಿಷಕ್ಕೆ ಮೊದಲ ಸ್ಕ್ರಮ್. ಎಂಟೆಂಟು ಜನ ಎದುರುಬದುರು ಬಗ್ಗಿ, ತಲೆಗೆ ತಲೆ ಕೊಟ್ಟು ತಳ್ಳಾಡುವ ಈ ಸ್ಕ್ರಮ್ಮಿನಲ್ಲಿ ರೆಫರಿ ಒಂದೊಂದಾಗಿ ಹೇಳಬೇಕು: ಬಗ್ಗಿ, ಹಿಡೀರಿ, ಕೂಡಿ. ವುನಿದೋಲಾದ ಮುಂದಿನ ಸಾಲಿನಲ್ಲಿ ನಾಪೊಲಿಯೊನಿ ಕಾಯುತ್ತಿದ್ದ. ಮಾವನಿಗೆ ಬಗ್ಗು ಎಂದು ಹೇಳುವುದು ಹೇಗೆ? ಎಪರಾಮ ನುಕುಸಾದವರಿಗೆ ಮಾತ್ರ ಬಗ್ಗಲು ಹೇಳಿದ. ಅವರು ಬಗ್ಗಿದರು. ವುನಿದೋಲಾದವರು ನೆಟ್ಟಗೆ ನಿಂತೇ ಇದ್ದರು. ನಮ್ಮವರು ತಳ್ಳಲು ಎದುರಿಗೆ ಯಾರೂ ಸಿಗದೆ ಎಂಟೂ ಜನ ಅವರ ಮೊಣಕಾಲುಗಳ ನಡುವೆ ತೂರಿ ಆಚೆ ಬಿದ್ದರು. ವಿಲಿಕೆಸಾ ಅಂಚಿನಿಂದ ಓಡಿಬಂದ.

"ರೆಫರಿ ಹೇಳ್ತಾರೆ," ಎಂದ ಏದುಸಿರು ಬಿಡುತ್ತ, "ದೊಡ್ಡವರಿಗೆ ಸೊಂಟ ನೋವಿಲ್ಲದಿದ್ದರೆ, ಮನಸ್ಸೂ ಇದ್ದರೆ, ಒಂದು ಚೂರು ಬಗ್ಗಬಹುದಂತೆ."

ಮೂವತ್ತೈದು ವರ್ಷದ ಆಟದಲ್ಲಿ ಯಾವ ರೆಫರಿಯೂ ತನ್ನ ಸೊಂಟವನ್ನು ವಿಚಾರಿಸಿರಲಿಲ್ಲ ಎಂದು ನಾಪೊಲಿಯೊನಿ ಅಕ್ಕಪಕ್ಕದವರಿಗೆ ಹೇಳಿದ. ಖುಷಿಯಿಂದ ಬಗ್ಗಿದ.

ನಿಜವಾದ ಪೇಚಾಟ ಬಂದದ್ದು ಅವನು ನೆಲಕ್ಕೆ ಬಿದ್ದಾಗ. ಬೀಳುವುದು, ಬಿದ್ದು ಚೆಂಡಿನ ಮೇಲೆ ಮಲಗಿಬಿಡುವುದು, ಎಮ್ಮೆ ಕೆಸರಿನಲ್ಲಿ ಮಲಗಿದ ಹಾಗೆ ಏಳದೇ ಇರುವುದು ನಾಪೊಲಿಯೊನಿಯ ಹಳೆಯ ವಿದ್ಯೆ. ಬಿದ್ದವನು ಚೆಂಡು ಬಿಡಲೇಬೇಕು, ಬಿಡದಿದ್ದರೆ ಪೆನಾಲ್ಟಿ ಎನ್ನುತ್ತದೆ ಪುಸ್ತಕ. ಮಾವ ಮಲಗಿದ್ದಾನೆ, ನಾನು ನಿಲ್ಲಬಾರದು ಎನ್ನುತ್ತದೆ ಪದ್ಧತಿ. ಎಪರಾಮ ಎರಡನ್ನೂ ಪಾಲಿಸುವ ಮನುಷ್ಯ. ಅವನು ನೆಲದ ಮೇಲೆ ಉದ್ದಕ್ಕೆ ಬೋರಲು ಮಲಗಿ, ಗಲ್ಲ ಹುಲ್ಲಿಗೆ ಒತ್ತಿ, ಸೀಟಿ ಊದಿ, ಪೆನಾಲ್ಟಿಯ ಕೈಯನ್ನು ಹಾವಿನ ಹಾಗೆ ನೆಲದ ಮೇಲೆಯೇ ನುಕುಸಾದ ಕಡೆಗೆ ಚಾಚಿದ.

ಆಟಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಮೆರೆಓನಿಯ ಕಡೆ ತಿರುಗಿದರು.

"ಕ್ಯಾಪ್ಟನ್ ಬಿದ್ದರೆ ರೆಫರಿ ಮಲಗಬೇಕು," ಎಂದಳು ಮೆರೆಓನಿ. "ಹತ್ತಿರದಿಂದ ನೋಡೋಕೆ. ಉಳಿದವರೂ ಕೂತ್ಕೋಬೇಕು, ಇಲ್ಲದಿದ್ದರೆ ಬೆಳಕಿಗೆ ಅಡ್ಡ ಆಗುತ್ತೆ."

ಇಪ್ಪತ್ತೊಂಬತ್ತು ಆಟಗಾರರೂ ದಡಬಡನೆ ಚಕ್ಕಳಮಕ್ಕಳ ಹಾಕಿ ಕೂತರು. ಅಂಚಿನಲ್ಲಿ ನಿಂತು ನೋಡುತ್ತಿದ್ದವರೂ, ಯಾಕಿದ್ದೀತು ಎಂದು ಕೂತರು. ಲಿತಿಯಾ ಅಜ್ಜಿ ಹುಬ್ಬಿಗೆ ಕೈ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ಅಳಿಯ ಮಾವನ ಮುಂದೆ ಬಿದ್ದುಕೊಂಡ ಹಾಗಿದೆಯಲ್ಲೇ," ಎಂದಳು.

"ಅತ್ತೆ, ನಿಮಗೆ ರಗ್ಬಿ ಗೊತ್ತಾಗಲ್ಲ, ಸುಮ್ಮನೆ ಗೆಣಸು ತಿನ್ನಿ," ಎಂದಳು ಮೆರೆಓನಿ.

ಆ ಮೇಲೆ ವಿಲಿಕೆಸಾನಿಗೆ ರುಚಿ ಹತ್ತಿತು. ಎಪರಾಮ ಒಂದು ಹೇಳಿದರೆ ಅವನು ಮೂರು ಸೇರಿಸಿ ಮುಟ್ಟಿಸತೊಡಗಿದ. ಚೆಂಡು ಬಿಡಿ ಎಂದದ್ದು, ತಾವು ಎದ್ದರೆ ಎರಡೂ ಊರಿಗೆ ಉಪಕಾರವಾಗುತ್ತದಂತೆ ಎಂದಾಯಿತು. ಆಫ್‌ಸೈಡ್, ಹಿಂದಕ್ಕೆ ಹೋಗಿ ಎಂದದ್ದಕ್ಕೆ ಅವನು ಕೈ ಕಟ್ಟಿಕೊಂಡು, "ರೆಫರಿ ಹೇಳ್ತಾರೆ, ದೊಡ್ಡವರ ಕಾಲು ಸರಿಯಾಗೇ ಇದೆಯಂತೆ, ಹೊಟ್ಟೆ ಮಾತ್ರ ಆಫ್‌ಸೈಡಂತೆ," ಎಂದ. ನಾಪೊಲಿಯೊನಿ ಕೆಳಗೆ ನೋಡಿಕೊಂಡ, ಉಸಿರು ಎಳೆದುಕೊಂಡ, ಎರಡು ಹೆಜ್ಜೆ ಹಿಂದೆ ಹೋದ. ಹೊಟ್ಟೆಗೂ ಕಾನೂನು ಬಂತಾ ಎಂದು ವುನಿದೋಲಾದ ದಪ್ಪಗಿನವರೆಲ್ಲ ಗಾಬರಿಯಾದರು.

ಮಾವ ನಾಲ್ಕನೆಯ ಸಲವೂ ಚೆಂಡಿನ ಮೇಲೆ ಮಲಗಿದಾಗ ಹಳದಿ ಕಾರ್ಡು ತೋರಿಸದೆ ಬೇರೆ ದಾರಿಯಿರಲಿಲ್ಲ. ಹಳದಿ ಕಾರ್ಡು ಎಂದರೆ ಹತ್ತು ನಿಮಿಷ ಹೊರಗೆ. ಅದನ್ನು ತಲೆಯ ಮೇಲೆತ್ತಿ ಹಿಡಿಯಬೇಕು. ಮಾವನ ತಲೆಯ ಮೇಲೆ ಕೈ ಎತ್ತುವುದಕ್ಕಿಂತ ಎಪರಾಮ ಆ ಕೈಯನ್ನು ಕಡಿದುಕೊಳ್ಳುತ್ತಿದ್ದ. ಅವನು ಅಂಚಿನ ಗಿಡದಿಂದ ಒಂದು ಅಗಲ ಎಲೆ ಕಿತ್ತು ತಂದು, ಕಾರ್ಡನ್ನು ಅದರ ಮೇಲಿಟ್ಟು, ಮಂಡಿಯೂರಿ ಎರಡೂ ಕೈಯಲ್ಲಿ ನಾಪೊಲಿಯೊನಿಯ ಮುಂದಿಟ್ಟು, ಹಿಂದುಹಿಂದಕ್ಕೆ ತೆವಳಿದ. ನಾಪೊಲಿಯೊನಿ ಕಾರ್ಡು ತೆಗೆದುಕೊಂಡ. ಮೂರು ಸಲ ಚಪ್ಪಾಳೆ ತಟ್ಟಿದ. ಕಾಲುಚೀಲದಲ್ಲಿ ಇಟ್ಟುಕೊಂಡ.

"ರೆಫರಿ ಹೇಳ್ತಾರೆ, ದೊಡ್ಡವರು ದಣಿದಿದ್ದೀರಿ, ಹತ್ತು ನಿಮಿಷ ನೆರಳಲ್ಲಿ ಸುಧಾರಿಸ್ಕೊಳ್ಳಿ."

ಎಳನೀರು ಕುಡಿಯುತ್ತ, ಅಂಚಿನಲ್ಲಿದ್ದ ಹಲಸಿನ ಜಾತಿಯ ದೊಡ್ಡ ಮರದ ಕೆಳಗೆ ನಾಪೊಲಿಯೊನಿ ಹತ್ತು ನಿಮಿಷ ಆನಂದವಾಗಿ ಕೂತ. ಅಷ್ಟರಲ್ಲಿ ನುಕುಸಾದವನೊಬ್ಬ ಯಾರದೋ ಕುತ್ತಿಗೆ ಹಿಡಿದ. ಎಪರಾಮ ಓಡಿಹೋಗಿ, ಜೇಬಿನಲ್ಲಿದ್ದ ಇನ್ನೊಂದು ಕಾರ್ಡನ್ನು ಎಲ್ಲರಿಗೂ ಮಾಡುವ ಹಾಗೆ ಗಾಳಿಯಲ್ಲಿ ಎತ್ತಿ ತೋರಿಸಿದ. ಕುತ್ತಿಗೆ ಹಿಡಿದವನಿಗೆ ಅವಮಾನವಾಯಿತು.

"ಅವರಿಗೆ ಎಲೆ ಮೇಲೆ, ನನಗೆ ಗಾಳೀಲಾ?" ಎಂದ. ಎಲೆಯ ಮೇಲೆ ಕೊಟ್ಟರೇ ಹೊರಗೆ ಹೋಗುತ್ತೇನೆ ಎಂದು ಪಟ್ಟು ಹಿಡಿದು ನಿಂತ. ಎಪರಾಮ ಇನ್ನೊಂದು ಎಲೆ ಕಿತ್ತು ತರುವವರೆಗೆ ಆಟ ನಿಂತಿತು.

ಇಷ್ಟೆಲ್ಲ ಆದರೂ ಅರ್ಧ ಆಟಕ್ಕೆ ನುಕುಸಾ ಹತ್ತು, ವುನಿದೋಲಾ ಏಳು. ಆರು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು. ಕಾರಣ ಎಲ್ಲರಿಗೂ ಕಾಣುತ್ತಿತ್ತು. ವುನಿದೋಲಾದ ಮಿಂಚಿನಂಥ ಓಟಗಾರ, ನಾಪೊಲಿಯೊನಿಯ ಕೊನೆಯ ಮಗ ಉಲಾಯಾಸಿ, ಅವತ್ತು ಆಡುತ್ತಿರಲಿಲ್ಲ. ಬಿಳಿ ಅಂಗಿ, ಚರ್ಚಿನ ಸುಲು ಉಟ್ಟು, ಹಲ್ಲು ಕೀಳಿಸಿಕೊಂಡವನ ಮುಖ ಮಾಡಿಕೊಂಡು ಅಂಚಿನಲ್ಲಿ ಕೂತಿದ್ದ. ಸಂಜೆ ಅಕ್ಕನ ಮದುವೆಯ ಮಾತು ಹೊರಬೀಳುತ್ತದೆಂದು ಹುಡುಗ ಈಗಲೇ ಸಿಂಗರಿಸಿಕೊಂಡು ಕೂತಿದ್ದಾನೆ, ಅಕ್ಕ ಮನೆ ಬಿಟ್ಟು ಹೋಗುವ ದುಃಖ ಬೇರೆ ಎಂದು ಎಪರಾಮ ಅರ್ಥ ಮಾಡಿಕೊಂಡ. ಅವನಿಗೆ ಆ ಭಾವಮೈದುನನ ಮೇಲೆ ಪ್ರೀತಿ ಉಕ್ಕಿತು.

ವಿರಾಮದಲ್ಲಿ ದೊಡ್ಡಪ್ಪ ಧುಮುಗುಟ್ಟುತ್ತ ಬಂದ. ಆ ಮುದುಕನನ್ನು ಹತ್ತು ನಿಮಿಷದ ಬದಲು ಪೂರ್ತಿ ಹೊರಗೆ ಹಾಕಲಿಕ್ಕೆ ನಿನಗೇನು ಧಾಡಿ, ಅವನ ಮುಂದೆ ಹಲ್ಲಿಯ ಹಾಗೆ ತೆವಳುತ್ತೀಯಲ್ಲ, ಊರಿನ ಮಾನ ಏನಾಗಬೇಕು ಎಂದು ಬೈದ. ಎಪರಾಮನಿಗೆ ಆಶ್ಚರ್ಯವಾಯಿತು. "ದೊಡ್ಡಪ್ಪ, ಬೆಳಿಗ್ಗೆ ನೀವೇ ಹೋಗಿ—" ಎಂದು ಶುರುಮಾಡಿದ. ದೊಡ್ಡಪ್ಪನ ಬೈಗುಳ ಅಲ್ಲಿಗೇ ನಿಂತಿತು. ಬೆಳಗಿನ ವಿಷಯ ಸಂಜೆ ಮಾತಾಡೋಣ ಎಂದು ಗೊಣಗಿ, ಕಿತ್ತಳೆ ಹಂಚುವ ಕಡೆಗೆ ನಡೆದ.

ಔಷಧದ ಪೆಟ್ಟಿಗೆ ಹಿಡಿದು ವಸೆಮಾದ ಬಂದಳು. ಬೆಳಗಾಗುವ ಮುಂಚೆ ಯಾರದೋ ಹೆರಿಗೆಗೆ ಹೋದವಳು ನೇರವಾಗಿ ಮೈದಾನಕ್ಕೇ ಬಂದಿದ್ದಳು. ಎಪರಾಮನ ಮೊಣಕೈ ತರಚಿತ್ತು. ರೆಫರಿಯ ಮೊಣಕೈ ಯಾಕೆ ತರಚಿದೆ ಎಂದು ಕೇಳದೆ ಔಷಧ ಹಚ್ಚಿದಳು.

"ಇವತ್ತು ಅಪ್ಪನ್ನ ಕೇಳಿಸ್ತೀನಿ ಅಂದಿದ್ದೆ," ಎಂದಳು. "ಸೋಮವಾರ ಅವರು ಬರ್ತಾರೆ, ನೆನಪಿದೆಯಾ? ಬಂದವರ ಹಲ್ಲು ಅಪ್ಪ ಮುಟ್ಟಿಬಿಟ್ಟರೆ ನಾನು ಏನು ಹೇಳಿದರೂ ನಡೆಯಲ್ಲ."

"ಆಯ್ತು. ಬೆಳಿಗ್ಗೆಯೇ ಆಯ್ತು," ಎಂದ ಎಪರಾಮ. ಮುಖ ತೆಂಗಿನ ಹೋಳಿನಷ್ಟು ಬೆಳ್ಳಗೆ ಅರಳಿತು. ವಸೆಮಾದ ಔಷಧ ಹಚ್ಚುವುದನ್ನು ಮರೆತು ಅವನನ್ನೇ ನೋಡಿದಳು. ಇನ್ನು ಐದು ನಿಮಿಷ ಕೂತರೆ ಕಣ್ಣೀರು ಬಂದುಬಿಡುತ್ತದೆಂದು ಅವನು ಸೀಟಿ ಊದಿದ.

ಎರಡನೆಯ ಅರ್ಧದಲ್ಲಿ ಯಾರಿಗೂ ಅಂಕ ಬರಲಿಲ್ಲ. ನಾಪೊಲಿಯೊನಿ ಬೀಳುವುದು, ಇಪ್ಪತ್ತೊಂಬತ್ತು ಜನ ಕೂರುವುದು, ವಿಲಿಕೆಸಾ ಬಂದು ವಿಜ್ಞಾಪನೆ ಮಾಡುವುದು, ಎಲ್ಲರೂ ಮೈ ಕೊಡವಿಕೊಂಡು ಏಳುವುದು, ಹೀಗೆ ಹೊತ್ತು ಹೋಯಿತು. ಕೊನೆಯ ನಿಮಿಷ ಬಂತು. ನುಕುಸಾದ ಹೆಂಗಸರು ಗೆಲುವಿನ ಹಾಡಿಗೆ ಗಂಟಲು ಸರಿಮಾಡಿಕೊಂಡರು.

ಆಗ ನಾಪೊಲಿಯೊನಿಗೆ ಚೆಂಡು ಸಿಕ್ಕಿತು. ಚೆಂಡು ಬಗಲಿಗಿಟ್ಟು, ಬೆನ್ನಿಗೆ ಇಬ್ಬರು ನುಕುಸಾದವರು ಜೋತುಬಿದ್ದಿದ್ದರೂ ಲೆಕ್ಕಿಸದೆ ಹೊರಟ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಟ್ರೈ, ಐದು ಅಂಕ, ಪಂದ್ಯ ಅವರದು. ನೆಲಕ್ಕೆ ಮುಟ್ಟಿತೋ ಇಲ್ಲವೋ ನೋಡಬೇಕಾದ ಎಪರಾಮ ಗೆರೆಯ ಆಚೆ ಹೋಗಿ ನಿಂತಿದ್ದ. ಬೆನ್ನ ಮೇಲಿದ್ದ ಇಬ್ಬರೂ ಕಳಚಿಬಿದ್ದರು. ನಾಪೊಲಿಯೊನಿ ಗೆರೆ ದಾಟಿದ, ಓಡಿದ ರಭಸಕ್ಕೆ ನಿಲ್ಲಲಾರದೆ ನೇರ ಎಪರಾಮನ ಕಡೆಗೇ ಬಂದ. ಬೇರೆ ಯಾವ ರೆಫರಿಯಾದರೂ ಪಕ್ಕಕ್ಕೆ ಹಾರುತ್ತಿದ್ದ. ಎದುರಿಗೆ ಮಾವ ಬರುವಾಗ ನಿಂತುಕೊಂಡಿರುವುದು ಸರಿಯಲ್ಲವೆಂದು ಎಪರಾಮ ಅಲ್ಲಿಯೇ ಮುದುರಿ ಕೂತ.

ನೂರ ಹದಿನೆಂಟು ಕಿಲೋ ಅವನಿಗೆ ಎಡವಿ ಗಾಳಿಯಲ್ಲಿ ಹೋಯಿತು. ಚೆಂಡು ಕೈ ತಪ್ಪಿ, ಪುಟಿದು, ಬೇಲಿ ಹಾರಿ, ಪಾದ್ರಿಗಳ ಕೆಸವಿನ ಪಾತಿಯಲ್ಲಿ ಬಿತ್ತು. ನೆಲಕ್ಕೆ ಮುಟ್ಟಿಸಲಿಲ್ಲ. ನುಕುಸಾದ ಕಡೆ ಹಾಡು ಶುರುವಾಯಿತು.

ಎಪರಾಮ ಎದ್ದು ಕೂತು, ಬಾಯಿಯ ಹುಲ್ಲು ಉಗುಳಿ, ಕಾಲುಚೀಲಕ್ಕೆ ಕೈ ಹಾಕಿದ. ಅವನಿಗೆ ಪುಸ್ತಕ ನೋಡುವ ಅಗತ್ಯವಿರಲಿಲ್ಲ, ಕೊನೆಯಿಂದ ಮೂರನೆಯ ಪುಟ ಬಾಯಿಪಾಠವಾಗಿತ್ತು. ಆದರೂ ತೆರೆದು ನೋಡಿದ, ಅದು ಅಲ್ಲಿಲ್ಲದಿದ್ದರೆ ಸಾಕು ಎಂಬ ಆಸೆಯಿಂದ. ಇತ್ತು. ದಾಳಿ ಮಾಡುವವನು ಚೆಂಡು ಹಿಡಿದು ಗೆರೆಯಾಚೆಯ ಜಾಗದಲ್ಲಿ ರೆಫರಿಗೆ ತಾಗಿದರೆ, ತಾಗಿದ ಜಾಗದಲ್ಲೇ ಟ್ರೈ ಕೊಡತಕ್ಕದ್ದು.

ಕೊಟ್ಟರೆ ಸ್ವಂತ ಊರು ಸೋಲುತ್ತದೆ. ಕೊಡದಿದ್ದರೆ ಕಾನೂನು ಸೋಲುತ್ತದೆ. ಅವನು ಸೀಟಿ ಊದಿದ. ಮಾವ ಇನ್ನೂ ಬಿದ್ದೇ ಇದ್ದುದರಿಂದ ಮಲಗಿಕೊಂಡೇ ಕೈ ಎತ್ತಿದ. ಟ್ರೈ. ಹನ್ನೆರಡು, ಹತ್ತು. ಆಟ ಮುಗಿಯಿತು.

ಇಡೀ ದಿನ ಇಲ್ಲದ ಕಾನೂನುಗಳನ್ನೆಲ್ಲ ನಂಬಿ ಎದ್ದು ಕೂತು ಮಾಡಿದ್ದ ಜನ, ಇದ್ದ ಒಂದೇ ಒಂದು ಕಾನೂನನ್ನು ನಂಬಲಿಲ್ಲ. ರೆಫರಿಗೆ ಎಡವಿದರೆ ಐದು ಅಂಕವಂತೆ, ಇಂಥದ್ದು ಎಲ್ಲಾದರೂ ಉಂಟೇ? ಮೆರೆಓನಿ ಕೂಡ ಎದ್ದು ನಿಂತು, ತನ್ನ ಮೈದುನ ಇಂಥದ್ದನ್ನು ಹೇಳೇ ಇಲ್ಲ ಎಂದು ಸಾರಿದಳು. ಪುಸ್ತಕ ತೋರಿಸಿದರೆ, ಅಚ್ಚಿನ ತಪ್ಪು ಎಂದರು. "ಇದು ನಿನ್ನ ಮಾವನ ಮನೆ ಕಾನೂನೇನೋ?" ಎಂದು ಹಿಂದಿನಿಂದ ಯಾರೋ ಕೂಗಿದಾಗ ಎಪರಾಮ ಕಿವಿಯವರೆಗೆ ಕೆಂಪಾದ. ವುನಿದೋಲಾದವರಿಗೇ ನಾಚಿಕೆಯಾಗಿ, ಗೆದ್ದವರು ಸೋತವರ ಹಾಗೆ ತಲೆ ತಗ್ಗಿಸಿ ಮನೆಗೆ ನಡೆದರು. ದೊಡ್ಡಪ್ಪನನ್ನು ನೋಡಲಾಗುತ್ತಿರಲಿಲ್ಲ. ಗೋಲು ಕಂಬ ತಬ್ಬಿಕೊಂಡು ನಿಂತಿದ್ದ.

ಪಂದ್ಯದ ನಂತರ ಗೆದ್ದ ಊರಿನಲ್ಲಿ ಎಲ್ಲರೂ ಚಾಪೆಯ ಮೇಲೆ ಕೂತು ಯಂಗೋನಾ ಕುಡಿಯಲೇಬೇಕು, ಏನೇ ಜಗಳವಿದ್ದರೂ. ಐದು ಗಂಟೆಗೆ ವುನಿದೋಲಾದ ಸಭೆಯ ಮನೆ ತುಂಬಿತು. ಬೇರು ಕಲಸಿದ ಮಣ್ಣಿನ ಬಣ್ಣದ ನೀರು ದೊಡ್ಡ ಮರದ ಬಟ್ಟಲಿನಿಂದ ತೆಂಗಿನ ಚಿಪ್ಪಿನಲ್ಲಿ ಒಬ್ಬೊಬ್ಬರಿಗೆ ಹೋಗುತ್ತಿತ್ತು. ಎಪರಾಮ ಎಲ್ಲರಿಗಿಂತ ಕೆಳಗೆ, ಬಾಗಿಲ ಹತ್ತಿರ, ಚಾಪೆಯ ಹೆಣಿಗೆ ಎಣಿಸುತ್ತ ಕೂತ. ಊರು ಕೈಬಿಟ್ಟಿತು, ಹೋಗಲಿ. ಇನ್ನು ಮಾವ ಎದ್ದು ವಿಷಯ ಹೇಳುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ವಸೆಮಾದ ಬಾಗಿಲಿಗೊರಗಿ ನಿಂತಿದ್ದಳು.

ನಾಪೊಲಿಯೊನಿ ಚಿಪ್ಪು ಬರಿದು ಮಾಡಿ ಅವನ ಕಡೆ ತಿರುಗಿದ. "ಬಾ ಇಲ್ಲಿ ಎಪರಾಮ. ಆಟ ಮುಗೀತಲ್ಲ, ಇನ್ನು ಆ ಹೊಸ ಕಾನೂನೂ ಮುಗೀತು ತಾನೆ? ಈಗಲಾದರೂ ಬಾಯಿ ಬಿಟ್ಟು ಮಾತಾಡಪ್ಪ."

ಎಪರಾಮ ತಲೆ ಇನ್ನೂ ತಗ್ಗಿಸಿ ವಿಲಿಕೆಸಾನನ್ನು ನೋಡಿದ.

"ಅದು ಹೇಗಾಗುತ್ತೆ ದೊಡ್ಡವರೇ," ಎಂದ ವಿಲಿಕೆಸಾ. "ಅಳಿಯ ಮಾವನ ಹತ್ತಿರ ನೇರ ಮಾತಾಡೋಕಾಗುತ್ತಾ?"

"ಯಾವ ಅಳಿಯ?" ಎಂದ ನಾಪೊಲಿಯೊನಿ. "ಯಾವ ಮಾವ?"

ಚಿಪ್ಪು ನಡುದಾರಿಯಲ್ಲಿ ನಿಂತಿತು. ನಾನು ಹೇಳಿರಲಿಲ್ಲವಾ ಎನ್ನುವ ಹಾಗೆ ಲಿತಿಯಾ ಅಜ್ಜಿ ಸೊಸೆಯನ್ನು ತಿವಿದಳು. ನಾಪೊಲಿಯೊನಿ ಪಕ್ಕದ ಚೀಲಕ್ಕೆ ಕೈ ಹಾಕಿ, ಜೇನಿನ ಬಣ್ಣದ ಹಲ್ಲನ್ನು ಹೊರಗೆ ತೆಗೆದ.

"ಇದನ್ನಾ ಹೇಳ್ತಿರೋದು? ಇದನ್ನ ಕೊಟ್ಟು ನಿನ್ನ ದೊಡ್ಡಪ್ಪ ಕೇಳಿದ್ದು, ಇವತ್ತು ಉಲಾಯಾಸಿನ ಆಡಿಸಬೇಡ ಅಂತ. ಇಷ್ಟು ದೊಡ್ಡ ಹಲ್ಲಿಗೆ ಇಷ್ಟು ಸಣ್ಣ ಮಾತಾ ಅಂತ ನನಗೂ ಆಶ್ಚರ್ಯ ಆಯ್ತು. ಆದರೆ ಮುಟ್ಟಿದ ಮೇಲೆ ಮುಗೀತಲ್ಲ. ಮಗನಿಗೆ ಚರ್ಚಿನ ಬಟ್ಟೆ ಹಾಕಿಸಿ ಕೂರಿಸಿದೆ."

ಎಲ್ಲರೂ ದೊಡ್ಡಪ್ಪನ ಕಡೆ ನೋಡಿದರು. ಸಾವಿರ ಜನರ ಮುಂದೆ ಮಾತಾಡುವ ಮನುಷ್ಯನಿಗೆ ಮಾತು ಸಿಗಲಿಲ್ಲ.

"ಹೆಣ್ಣು ಕೇಳೋಕೇ ಹೋದೆ ಕಣಪ್ಪ, ನಿಮ್ಮಪ್ಪನಾಣೆ," ಎಂದ ಕೊನೆಗೆ. "ಇವರ ಹಿತ್ತಿಲಲ್ಲಿ ಆ ಹುಡುಗ ಒಂದು ಕೋಳಿ ಅಟ್ಟಿಸ್ಕೊಂಡು ಓಡ್ತಿದ್ದ. ಹುಂಜ ಅದು. ಮೂರೇ ಹೆಜ್ಜೇಲಿ ಹಿಡಿದ. ಆರು ವರ್ಷದಿಂದ ನಮ್ಮನ್ನ ಹಾಗೇ ಹಿಡೀತಿದಾನೆ. ಅದನ್ನ ನೋಡಿದೆ ನೋಡು, ಬಾಯಿಗೆ ಬೇರೆ ಮಾತೇ ಬಂದುಬಿಡ್ತು."

ಎಪರಾಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಪ್ಪನ ಹಲ್ಲು ಹೋಯಿತು. ಆ ಹಲ್ಲು ಕೊಟ್ಟು ದೊಡ್ಡಪ್ಪ ಕೊಂಡ ಗೆಲುವನ್ನು ತಾನೇ, ಮಾವನಲ್ಲದ ಮನುಷ್ಯನಿಗೆ ಮರ್ಯಾದೆ ಮಾಡಲು ಕೂತು, ಕಳೆದ. ವಸೆಮಾದಳ ಮುಖ ನೋಡುವ ಧೈರ್ಯವಾಗಲಿಲ್ಲ. ಆದರೆ ಒಂದು ಹೊಳೆಯಿತು: ಮಾವನಲ್ಲ ಎಂದ ಮೇಲೆ ಮಾತಾಡಬಹುದಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ನಾಪೊಲಿಯೊನಿಯ ಕಣ್ಣು ನೋಡಿ, ತಾನೇ ಕೇಳಿದ.

"ನಿಮ್ಮ ಮಗಳನ್ನ ನನಗೆ ಕೊಡಿ."

ನಾಪೊಲಿಯೊನಿ ಬಾಗಿಲ ಕಡೆ ನೋಡಿದ, ಮಗಳನ್ನು ನೋಡಿದ. ಅವನ ಮುಖ ಮೆತ್ತಗಾಯಿತು.

"ಬೆಳಿಗ್ಗೆ ಕೇಳಿದ್ದರೆ ಬೆಳಿಗ್ಗೆಯೇ ಕೊಡ್ತಿದ್ದೆ," ಎಂದ. "ಈಗಲೂ ಕೊಡೋಕೆ ನನಗೆ ಇಷ್ಟವೇ. ಆದರೆ ಹಲ್ಲೆಲ್ಲಿ? ಇದು ಈಗ ನನ್ನದು. ನನ್ನ ಹಲ್ಲನ್ನೇ ನನಗೆ ಕೊಟ್ಟು ನನ್ನ ಮಗಳನ್ನ ಕೇಳೋಕಾಗುತ್ತಾ?" ಸ್ವಲ್ಪ ಯೋಚಿಸಿ ಮುಂದಕ್ಕೆ ಬಾಗಿದ. "ನೋಡು, ನೀನು ಕಾನೂನು ಓದಿದವನು. ಹಲ್ಲಿಲ್ಲದೆಯೂ ಕೇಳಬಹುದು ಅಂತ ಎಲ್ಲಾದರೂ ಇದೆಯಾ? ಇದೆ ಅಂತ ನೀನೊಂದು ಮಾತು ಹೇಳು ಸಾಕು. ಇವತ್ತು ನೀನು ಏನು ಮಾಡಿದರೂ ನಂಬಿದೀವಿ. ನಾನು ಪುಟ ತೆಗೆದು ನೋಡೋನಲ್ಲ."

ಇದೆ ಎನ್ನು ಎಂದು ಮೆರೆಓನಿ ತಲೆಯಾಡಿಸಿದಳು. ಇದೆ ಎನ್ನು ಎಂದು ದೊಡ್ಡಪ್ಪ ಕೈ ಮುಗಿದ. ಉಲಾಯಾಸಿ ಕೂಡ ತಲೆಯಾಡಿಸಿದ. ಬಾಗಿಲಲ್ಲಿ ವಸೆಮಾದ ಅವನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿತ್ತು. ಒಂದು ಮಾತು. ಸಕ್ಕರೆಯ ನಾಲ್ಕು ಹರಳಿನಷ್ಟು ಸುಳ್ಳು.

ಎಪರಾಮನ ಕೈ ಕಾಲುಚೀಲದ ಕಡೆಗೆ ಹೋಯಿತು, ವಾಪಸು ಬಂತು. ತುಟಿ ಎರಡು ಸಲ ಅಲುಗಿದವು. ಅವನು ಏನೋ ಹೇಳಿದ. ಅದು ಎಷ್ಟು ಸಣ್ಣಗಿತ್ತೆಂದರೆ ಪಕ್ಕದವನಿಗೆ ಬಿಟ್ಟು ಯಾರಿಗೂ ಕೇಳಲಿಲ್ಲ.

"ಏನಂದ?" ಎಂದು ಕೇಳಿದ ನಾಪೊಲಿಯೊನಿ.

ಮಧ್ಯಾಹ್ನದಿಂದ ಅಭ್ಯಾಸವಾಗಿದ್ದ ವಿಲಿಕೆಸಾ ಬೆನ್ನು ನೆಟ್ಟಗೆ ಮಾಡಿದ. ಈ ಸಲ ಅವನು ಏನೂ ಸೇರಿಸಲಿಲ್ಲ.

"ರೆಫರಿ ಹೇಳ್ತಾರೆ, ಇಲ್ಲವಂತೆ."

ನಾಪೊಲಿಯೊನಿ ನಿಟ್ಟುಸಿರು ಬಿಟ್ಟು ಹಲ್ಲನ್ನು ಚೀಲಕ್ಕೆ ಹಾಕಿಕೊಂಡ. ವರ್ಷವಿಡೀ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಾರದ ಸರಕು ದೋಣಿ, ಸೋಮವಾರ ಅರ್ಧ ಗಂಟೆ ಮುಂಚೆಯೇ ಬಂತು.